ಪೆನ್‌ಡ್ರೈವ್‌ನಲ್ಲಿ ಲಿನಕ್ಸ್

ಪ್ರಶ್ನೆ: ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿದರೆ ಮನೆಯ ಕಂಪ್ಯೂಟರಿನಲ್ಲಿರುವ ವಿಂಡೋಸ್ ಅಳಿಸಿಹೋಗುವುದೆ?

ಉತ್ತರ: ಅಳಿಸಿಹೋಗದು. ಹಾರ್ಡ್ ಡಿಸ್ಕಿನಲ್ಲಿ ನೆಲೆಗೊಳ್ಳದೆ ಪೆನ್‌ಡ್ರೈವ್‌ನಿಂದಲೇ ನೇರವಾಗಿ ಚಾಲನೆಗೊಳ್ಳುವ ಇಂಥ ಕಾರ್ಯಾಚರಣ ವ್ಯವಸ್ಥೆಗೆ ‘ಲೈವ್’ ಲಿನಕ್ಸ್ ಎಂದು ಹೆಸರು. ಜರ್ಮನಿಯ ಕ್ಲಾಸ್ ಕ್ನಾಪ್ಪರ್ 2000ರಲ್ಲಿ ಹೊರತಂದ, ಒಂದೇ ಸಿ.ಡಿ.ಯಿಂದ ನಡೆಯುತ್ತಿದ್ದ ಕ್ನಾಪಿಕ್ಸ್ ಈ ಬಗೆಯನ್ನು ಜನಪ್ರಿಯಗೊಳಿಸಿತು. ಲೈವ್ ಲಿನಕ್ಸ್‌ನಲ್ಲಿ ಮೂಲ ಕಡತಗಳು ಓದಲು ಮಾತ್ರ ಸಾಧ್ಯವಿರುವ ಸಂಕುಚಿತ ರೂಪದಲ್ಲಿದ್ದು, ಬಳಕೆದಾರರು ಮಾಡುವ ಬದಲಾವಣೆಗಳು ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್‌ನಲ್ಲಿ ಮಾತ್ರ ಇರುವುದರಿಂದ, ಯಂತ್ರವನ್ನು ಆರಿಸಿದೊಡನೆ ಅವು ಮಾಯವಾಗುತ್ತವೆ. ಅವು ಉಳಿಯಬೇಕಾದರೆ ಪೆನ್‌ಡ್ರೈವ್‌ನಲ್ಲಿಯೇ ‘ಪರ್ಸಿಸ್ಟೆನ್ಸ್’ ಎಂಬ, ಬರೆಯಲು ಅವಕಾಶವಿರುವ ಪ್ರತ್ಯೇಕ ಭಾಗವನ್ನು ಮೊದಲೇ ಕಾದಿರಿಸಬೇಕು. ಆದರೆ ಲಿನಕ್ಸ್ ತುಂಬುವಾಗ ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಕಡತಗಳು ಸಾಮಾನ್ಯವಾಗಿ ಅಳಿಸಿಹೋಗುವುದರಿಂದ ಅವುಗಳ ಪ್ರತಿ ಮಾಡಿಟ್ಟುಕೊಳ್ಳುವುದೂ, ಪ್ರಯೋಗಕ್ಕಷ್ಟೇ ಬಳಸುವವರು ಹಾರ್ಡ್ ಡಿಸ್ಕಿಗೆ ಲಿನಕ್ಸ್ ತುಂಬುವ ‘ಇನ್‌ಸ್ಟಾಲ್’ ಆಯ್ಕೆಯನ್ನು ಮುಟ್ಟದಿರುವುದೂ ಒಳಿತು.