ಚಿನ್ನ ಮುಗಿದರೂ ಮುಗಿಯದ ಹಳಿ

ಬಂಗಾರಪೇಟೆ ಎಂಬ ಹೆಸರು ಕೇಳಿದೊಡನೆ ಅಲ್ಲಿ ಚಿನ್ನದ ಗಣಿ ಇದ್ದಿರಬೇಕೆಂದು ಭಾವಿಸುವವರೇ ಹೆಚ್ಚು. ಆದರೆ ಆ ಊರಿಗೆ ಹೆಸರು ತಂದುಕೊಟ್ಟದ್ದು ಗಣಿಯಲ್ಲ, ರೈಲು ನಿಲ್ದಾಣ. 1862ರಿಂದ 1870ರವರೆಗೆ ಮೈಸೂರು ಸಂಸ್ಥಾನದ ಆಡಳಿತ ನಡೆಸಿದ ಕಮಿಷನರ್ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನಲ್ಲಿ ಅದು ಮೊದಲು ಬೌರಿಂಗ್‌ಪೇಟೆ ಆಗಿತ್ತು. ಮುಂದೆ ಅದೇ ಬಂಗಾರಪೇಟೆಯಾಯಿತು. ಉಚ್ಚಾರಣೆಗೂ ಹತ್ತಿರ, ಅರ್ಥಕ್ಕೂ ಹೊಂದಿಕೆ.

ಮದ್ರಾಸ್ ರೈಲ್ವೆಯ ಜೋಲಾರಪೇಟೆ-ಬೆಂಗಳೂರು ದಂಡು ಮಾರ್ಗ 1864ರಲ್ಲಿ ಆರಂಭವಾಯಿತು. ಚಿನ್ನದ ದೊಡ್ಡ ಗಣಿಗಾರಿಕೆ ಆಗ ಇನ್ನೂ ಶುರುವಾಗಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿ ಪ್ರದೇಶದ ಅದೃಷ್ಟ ತೆರೆಯಿತು. ಹೊಸ ಗಣಿಗಳಿಗೆ ಅತಿ ಹತ್ತಿರದ ರೈಲು ನಿಲ್ದಾಣವೆಂದರೆ ಬೌರಿಂಗ್‌ಪೇಟೆ. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ.

ಚಿನ್ನ ಸಾಗಿಸಲು ರೈಲು ಬೇಕಿತ್ತು ಎಂದುಕೊಂಡರೆ ತಪ್ಪಾದೀತು. ನೂರ ಇಪ್ಪತ್ತು ವರ್ಷಗಳಲ್ಲಿ ಕೋಲಾರದ ಗಣಿಗಳು ಕೊಟ್ಟ ಚಿನ್ನ ಸುಮಾರು 800 ಟನ್. ಇಂದಿನ ಒಂದು ಗೂಡ್ಸ್ ರೈಲಿನ ಹದಿನೈದು ವ್ಯಾಗನ್ನುಗಳಲ್ಲಿ ಅಷ್ಟನ್ನೂ ತುಂಬಿಬಿಡಬಹುದು! ಭಾರವಿದ್ದದ್ದು ಒಳಗೆ ಬರುವ ಸರಕಿನಲ್ಲಿ. ಹಬೆಯಂತ್ರಗಳಿಗೆ ಕಲ್ಲಿದ್ದಲು, ಸುರಂಗ ಕುಸಿಯದಂತೆ ಆಸರೆ ಕೊಡಲು ಮರದ ದಿಮ್ಮಿ, ಅದಿರು ಪುಡಿ ಮಾಡುವ ಯಂತ್ರ, ಕಬ್ಬಿಣದ ಹಗ್ಗ, ಸಾವಿರಾರು ಸಂಸಾರಗಳಿಗೆ ಅಕ್ಕಿ-ಬೇಳೆ ಎಲ್ಲವೂ ಹೊರಗಿನಿಂದಲೇ ಬರಬೇಕಿತ್ತು.

ಇದಕ್ಕಾಗಿಯೇ 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಉದ್ದದ ಶಾಖಾ ಮಾರ್ಗ ತೆರೆಯಿತು. ಮೈಸೂರು ಸಂಸ್ಥಾನದ ರೈಲುಮಾರ್ಗಗಳು ಬಹುಮಟ್ಟಿಗೆ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಇದನ್ನು ಬ್ರಾಡ್ ಗೇಜ್‌ನಲ್ಲಿ ಹಾಕಲಾಯಿತು ಎಂಬುದು ಗಮನಾರ್ಹ. ಕಾರಣ ಸರಳ. ಮುಖ್ಯ ಮಾರ್ಗದ ಗೇಜ್ ಅದೇ ಆಗಿದ್ದರಿಂದ ಮದರಾಸಿನಲ್ಲಿ ತುಂಬಿದ ವ್ಯಾಗನ್ ನಡುವೆ ಎಲ್ಲೂ ಸರಕು ಇಳಿಸದೆ ನೇರವಾಗಿ ಗಣಿಯ ಬಾಗಿಲಿಗೆ ಬರಬಹುದಿತ್ತು.

ಈ ಅನುಕೂಲದ ಬೆಲೆ ತಿಳಿಯಬೇಕಾದರೆ ಜಿಲ್ಲಾ ಕೇಂದ್ರ ಕೋಲಾರದ ಕಡೆ ನೋಡಬೇಕು. ಆ ಊರಿಗೆ ರೈಲು ಬಂದದ್ದು ಗಣಿಗೆ ಬಂದ ಹತ್ತೊಂಬತ್ತು ವರ್ಷಗಳ ನಂತರ, 1913ರಲ್ಲಿ. ಅದೂ ಎರಡೂವರೆ ಅಡಿಯ ನ್ಯಾರೋ ಗೇಜ್. ಗೇಜ್ ಬೇರೆಯಾದ್ದರಿಂದ ಸರಕನ್ನು ಬಂಗಾರಪೇಟೆಯಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಿತ್ತು. ಮುಂದೆ ಚಿಕ್ಕಬಳ್ಳಾಪುರದ ಮೂಲಕ ಯಲಹಂಕದತ್ತ ಬೆಳೆದ ಆ ಪುಟ್ಟ ರೈಲು ಈಗ ನೆನಪು ಮಾತ್ರ. ಕೋಲಾರ-ಚಿಕ್ಕಬಳ್ಳಾಪುರ ನಡುವೆ ಬ್ರಾಡ್ ಗೇಜ್ ಸಂಚಾರ ಶುರುವಾದದ್ದು 2013ರಲ್ಲಿ.

ಗಣಿ ಮಾರ್ಗದ ನಿಲ್ದಾಣಗಳ ಹೆಸರುಗಳೇ ಒಂದು ಇತಿಹಾಸ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಹೆಸರುಗಳಲ್ಲಿ ಗಣಿ ಕಂಪನಿಗಳು ಇಂದಿಗೂ ಉಳಿದಿವೆ. ತಮಿಳು ಮತ್ತು ತೆಲುಗು ಸೀಮೆಗಳಿಂದ ಕೂಲಿ ಅರಸಿ ಬಂದ ಕುಟುಂಬಗಳು ಇಳಿದದ್ದು ಇವೇ ಪ್ಲಾಟ್‌ಫಾರಂಗಳಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿ ಕಾರ್ಮಿಕರ ಸಂಖ್ಯೆ ಮೂವತ್ತು ಸಾವಿರ ದಾಟಿತ್ತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗೆ ತಲುಪಿದ ಮೇಲೆ ಕಲ್ಲಿದ್ದಲಿನ ಅಗತ್ಯ ಕಡಿಮೆಯಾಯಿತೇ ಹೊರತು ರೈಲಿನ ಅಗತ್ಯ ತಪ್ಪಲಿಲ್ಲ. 1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. ಅದಿರಿನಲ್ಲಿ ಚಿನ್ನದ ಅಂಶ ಕುಸಿದಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿಯ ಖರ್ಚು ಏರುತ್ತಲೇ ಇತ್ತು. ಕೊನೆಗೆ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು.

ಗಣಿಗಾಗಿ ಹುಟ್ಟಿದ ಹಳಿ ಗಣಿಯೊಡನೆಯೇ ತುಕ್ಕು ಹಿಡಿಯಬೇಕಿತ್ತು. ಹಾಗಾಗಲಿಲ್ಲ. ಕೆಲಸ ಕಳೆದುಕೊಂಡ ಊರು ದುಡಿಮೆಗಾಗಿ ಬೆಂಗಳೂರಿನತ್ತ ಮುಖ ಮಾಡಿತು. ಸುಮಾರು 85 ಕಿಲೋಮೀಟರ್ ದೂರದ ರಾಜಧಾನಿಗೆ ಮುಂಜಾನೆ ಹೊರಟು ರಾತ್ರಿ ಮರಳುವ ಸಾವಿರಾರು ಜನರಿಗೆ ರೈಲಿನ ಪಾಸ್ ಇದ್ದರಷ್ಟೇ ಸಂಸಾರ. ಬಸ್ಸಿನ ದರ ಕೊಟ್ಟು ನಿತ್ಯ ಓಡಾಡಿದರೆ ಸಂಬಳದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹಿಡಿಯುವ ಶಕ್ತಿ ಎಲ್ಲರಿಗೂ ಇಲ್ಲ. ರೈಲು ತಡವಾದರೆ ಆ ದಿನದ ಕೂಲಿಗೇ ಕತ್ತರಿ.

ಒಂದು ಕೊರತೆ ಮಾತ್ರ ಹಳೆಯದು. ಮಾರಿಕುಪ್ಪಂನಲ್ಲಿ ಹಳಿ ನಿಂತುಬಿಡುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಬೇಕು. ಸರಕು ಇಳಿಸಿ ಹೋಗಲು ಕಟ್ಟಿದ ಮಾರ್ಗಕ್ಕೆ ಅಷ್ಟು ಸಾಕಿತ್ತು. ಬದುಕಲು ಬೇಕಾದ ಮಾರ್ಗಕ್ಕೆ ಸಾಲದು. ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ಹಳಿ ಹಾಕುವ ಯೋಜನೆಯ ಮಹತ್ವ ಇರುವುದು ಇಲ್ಲಿಯೇ. ಅದು ಪೂರ್ಣಗೊಂಡರೆ ಈ ಕೊನೆಯ ನಿಲ್ದಾಣ ಜೋಲಾರಪೇಟೆ ಮಾರ್ಗಕ್ಕೆ ಇನ್ನೊಂದು ಕಡೆಯಿಂದಲೂ ಸೇರಿಕೊಂಡು ನಡುವಿನ ನಿಲ್ದಾಣವಾಗುತ್ತದೆ.

ಒಂದು ಕಾಲಕ್ಕೆ ಈ ಹಳಿ ದುಡಿಯುವ ಕೈಗಳನ್ನು ಊರಿಗೆ ತಂದಿತು. ಇಂದು ಅವರ ಮೊಮ್ಮಕ್ಕಳನ್ನು ಬೆಳಿಗ್ಗೆ ಹೊರಗೆ ಒಯ್ದು ಸಂಜೆ ಮನೆಗೆ ಮರಳಿಸುತ್ತಿದೆ. ಗಣಿ ಮುಚ್ಚಿದರೂ ಊರು ಖಾಲಿಯಾಗದೆ ಉಳಿದಿದ್ದರೆ ಅದರಲ್ಲಿ ಈ ಹದಿನಾರು ಕಿಲೋಮೀಟರ್ ಹಳಿಯ ಪಾಲು ದೊಡ್ಡದು.