ಹೊಸ ವಿದ್ಯೆ ಬೇರೂರುವ ಬಗೆ

ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ವಿಮಾನವೂ ಅಕ್ಕಪಕ್ಕದಲ್ಲಿ ನಿಂತಿವೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು, ಗುಂಡನೆಂಬ ಸೂತ್ರಧಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದುದನ್ನು ಹೇಳುತ್ತವೆ. ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕರೆಯುತ್ತವೆ. ಹೊರಗಿನ ವಿದ್ಯೆ ಇಲ್ಲಿ ನೆಲೆಯೂರಲು ಬಲ್ಲ ಗುರು, ಪೋಷಿಸುವ ಅರಮನೆ, ದುಡಿಮೆಗೆ ಮನ್ನಣೆ, ಕೈಗೆಟಕುವ ಮರಳುಗಲ್ಲು ಎಲ್ಲವೂ ಕೂಡಿಬರಬೇಕಾಗಿತ್ತು.

ಇಂದು ವಿಶ್ವವಿದ್ಯಾಲಯಗಳ ಬಾಗಿಲಿಗೆ ಬಂದಿರುವ ಹೊಸ ವಿದ್ಯೆ ಇ-ಕಲಿಕೆ. ಅದೂ ತೀರ ನಿನ್ನೆಯದಲ್ಲ. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಮೇಲೇರಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಒಬ್ಬ ಪ್ರಾಧ್ಯಾಪಕರ ಪಾಠ ದೂರದೂರದ ಕಾಲೇಜುಗಳಲ್ಲಿ ಏಕಕಾಲಕ್ಕೆ ಕೇಳಿಸತೊಡಗಿತು. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಆರಂಭವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ತರಗತಿಗಳನ್ನು ಮುಚ್ಚಿಸಿದಾಗ ಮಾತ್ರ ಎಲ್ಲರೂ ಇದಕ್ಕೆ ಮೊರೆಹೋಗಬೇಕಾಯಿತು.

ಆದರೆ ಅನಿವಾರ್ಯಕ್ಕೆ ಹಿಡಿದದ್ದು ಅಭ್ಯಾಸವಾಗುವುದು ಯಾವಾಗ? ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಅಂಶಗಳನ್ನು ಮುಂದಿಟ್ಟರು: ಇದರಿಂದ ನನಗೆ ಪ್ರಯೋಜನವುಂಟೇ? ಬಳಸುವುದು ಸುಲಭವೇ? ಈ ಎರಡಕ್ಕೂ ಬಳಸುವವನ ಮನಸ್ಸು ಕೊಡುವ ಉತ್ತರವೇ ಹೊಸ ತಂತ್ರದ ಅಳಿವು ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಅವರ ವಾದ.

ಪ್ರಯೋಜನದ ಮಾತು ಅಂಕಪಟ್ಟಿಗೆ ಬಂದು ನಿಲ್ಲುತ್ತದೆ. ಜಾಲದ ಪಾಠಕ್ಕೆ ಪರೀಕ್ಷೆಯಲ್ಲಿ ಬೆಲೆಯಿಲ್ಲದಿದ್ದರೆ ವಿದ್ಯಾರ್ಥಿ ಅದರತ್ತ ತಿರುಗಿ ನೋಡುವುದು ಕಡಿಮೆ. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇಕಡಾ 20ರಷ್ಟನ್ನು ‘ಸ್ವಯಂ’ ಮೂಲಕ ಕಲಿಯಲು 2016ರ ನಿಯಮ ಅವಕಾಶವಿತ್ತಿತ್ತು. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಆ ಮಿತಿಯನ್ನು ಶೇಕಡಾ 40ಕ್ಕೆ ಏರಿಸಿತು. ಇದು ಗುಂಡನಿಗೆ ಸಂದ ಬಿರುದಿನಂಥದೇ ಮನ್ನಣೆ.

ಸುಲಭದ ಮಾತು ಮನೆಯ ಹೊಸ್ತಿಲಿಗೆ ಬರುತ್ತದೆ. ಇಳಕಲ್ಲಿನ ನೇಕಾರರ ಮನೆಯ ಮಗಳೊಬ್ಬಳನ್ನು ನೆನೆಯಿರಿ. ಮನೆಗೆಲ್ಲ ಒಂದೇ ಮೊಬೈಲು. ಅದು ಅಣ್ಣನ ಜೇಬಿನಲ್ಲಿ. ಕರೆಂಟು ಹೋದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷಿನ ಉಪನ್ಯಾಸ ಎರಡನೆಯ ಗೋಡೆ. ನೇರ ಪ್ರಸಾರದ ಪಾಠ ತಪ್ಪಿದರೆ ತಪ್ಪಿತು. ಇಳಿಸಿಟ್ಟುಕೊಂಡು ರಾತ್ರಿ ಮತ್ತೆ ಕೇಳಬಹುದಾದ ಕನ್ನಡದ ಪಾಠವಾದರೆ ಅವಳಿಗೂ ದಕ್ಕುತ್ತದೆ.

ಇನ್ನು ಅಧ್ಯಾಪಕರು. ಕರಿಹಲಗೆಯ ಮುಂದೆ ಪಳಗಿದವರಿಗೆ ಕ್ಯಾಮೆರಾದ ಮುಂದೆ ಪಾಠ ಹೇಳುವುದು ಬೇರೆಯದೇ ಕಸುಬು. ಅದಕ್ಕೆ ತರಬೇತಿ ಬೇಕು, ಸಿದ್ಧತೆಗೆ ಸಮಯ ಬೇಕು. ಆ ದುಡಿಮೆ ಲೆಕ್ಕಕ್ಕೆ ಬರದಿದ್ದರೆ ಹಳೆಯ ಟಿಪ್ಪಣಿಯೇ ತೆರೆಯ ಮೇಲೆ ಮೂಡುತ್ತದೆ, ಅಷ್ಟೆ.

ತೆಂಕಣದ ಸೂತ್ರವನ್ನು ಪಟ್ಟದಕಲ್ಲಿನ ಶಿಲ್ಪಿಗಳು ಈ ನೆಲದ ಕಲ್ಲಿನಲ್ಲಿ ಕಡೆದರು. ಅದಕ್ಕೇ ಅದು ಇಲ್ಲಿಯದಾಯಿತು. ಇ-ಕಲಿಕೆಯೂ ಇಲ್ಲಿಯ ಭಾಷೆ, ಮನೆ, ಬಿಡುವುಗಳಿಗೆ ಹೊಂದಿಕೊಂಡರೆ ಮಾತ್ರ ನೇಕಾರರ ಮಗಳ ಪದವಿ ಅರ್ಧಕ್ಕೆ ನಿಲ್ಲದು.