ಹಾರುವ ವಿಮಾನದಲ್ಲಿ ವಿದ್ಯುತ್ ಕೈಕೊಟ್ಟರೆ...

1983ರ ಅಕ್ಟೋಬರ್ 11ರ ರಾತ್ರಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಿಂದ ಕಾರ್ಬನ್‌ಡೇಲ್‌ಗೆ ಹೊರಟ ಏರ್ ಇಲಿನಾಯ್ ಸಂಸ್ಥೆಯ ವಿಮಾನದ ಎಡ ಜನರೇಟರ್, ನೆಲ ಬಿಟ್ಟ ಎರಡು ನಿಮಿಷದೊಳಗೇ ಕೆಟ್ಟಿತು. ಗಡಿಬಿಡಿಯಲ್ಲಿ ಸಹಪೈಲಟ್ ಕೆಟ್ಟದ್ದರ ಬದಲು ಸರಿಯಿದ್ದ ಬಲ ಜನರೇಟರಿನ ಸಂಪರ್ಕ ತಪ್ಪಿಸಿದರು. ಅದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಹೊರಟ ನಿಲ್ದಾಣ ಇನ್ನೂ ಹತ್ತಿರದಲ್ಲೇ ಇತ್ತು. ಆದರೂ ಕ್ಯಾಪ್ಟನ್ ಬ್ಯಾಟರಿಯನ್ನು ನಂಬಿ ಪ್ರಯಾಣ ಮುಂದುವರಿಸಿದರು. ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಟರಿ ಬರಿದಾಗಿ, ಕತ್ತಲಲ್ಲಿ ದಾರಿ ತೋರಬೇಕಿದ್ದ ಉಪಕರಣಗಳು ನಿಂತವು. ವಿಮಾನ ಪಿಂಕ್ನಿವಿಲ್ ಬಳಿ ಉರುಳಿ, ಅದರಲ್ಲಿದ್ದ ಹತ್ತೂ ಮಂದಿ ಮೃತಪಟ್ಟರು. ಹಾಕರ್ ಸಿಡ್ಲಿ 748 ಮಾದರಿಯ ವಿಮಾನವದು. ಇದೇ ಮಾದರಿಯನ್ನು ಎಚ್‌ಎಎಲ್ ಕಾನ್ಪುರದಲ್ಲಿ ನಿರ್ಮಿಸಿತ್ತು, ನಮ್ಮಲ್ಲಿ 'ಆವ್ರೊ' ಎಂದೇ ಅದಕ್ಕೆ ಹೆಸರು.

ಆ ವಿಮಾನಕ್ಕೆ ಎರಡು ಜನರೇಟರುಗಳಾದರೂ ಇದ್ದವು. ಬೆಂಗಳೂರಿನ ಜಕ್ಕೂರಿನವರಿಗೆ ಹೊಸದಲ್ಲದ ಸೆಸ್ನಾ 172ರಂಥ ಒಂಟಿ ಎಂಜಿನ್ನಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಆಲ್ಟರ್ನೇಟರ್, ಒಂದು ಬ್ಯಾಟರಿ. ಆಲ್ಟರ್ನೇಟರ್ ನಿಂತರೆ ಎಂಜಿನ್ ನಿಲ್ಲುವುದಿಲ್ಲ ಎಂಬುದಷ್ಟೇ ಸಮಾಧಾನ. ಬ್ಯಾಟರಿಯ ಹಂಗಿಲ್ಲದೆ ಓಡುತ್ತಿದ್ದ ಹಳೆಯ ಸ್ಕೂಟರುಗಳಂತೆ ಇಲ್ಲಿಯೂ ಕಿಡಿ ಒದಗಿಸುವುದು ಮ್ಯಾಗ್ನೆಟೊ. ಕಳೆದುಕೊಳ್ಳುವುದು ರೇಡಿಯೊ, ಟ್ರಾನ್ಸ್‌ಪಾಂಡರ್, ದೀಪಗಳು, ಇಂಧನದ ಮಾಪಕ ಮತ್ತು ರೆಕ್ಕೆಯ ಫ್ಲ್ಯಾಪುಗಳನ್ನು. ಬಿಸಿಲಿನ ಹಗಲಿನಲ್ಲಿ ಇದು ಕಿರಿಕಿರಿ ಮಾತ್ರ. ರಾತ್ರಿಯಲ್ಲಿ ಅಥವಾ ಮೋಡದೊಳಗೆ ಪ್ರಾಣಕ್ಕೇ ಸಂಚಕಾರ.

ದೋಷದ ಮೊದಲ ಸುಳಿವು ಅಮ್ಮೀಟರಿನಲ್ಲಿ ಸಿಗುತ್ತದೆ. ಆದರೆ ಅಮ್ಮೀಟರುಗಳಲ್ಲಿ ಎರಡು ಬಗೆ ಎಂಬುದನ್ನು ಹಲವರು ಮರೆಯುತ್ತಾರೆ. ನಡುವೆ ಸೊನ್ನೆಯಿರುವ ಮೀಟರು ಬ್ಯಾಟರಿಗೆ ವಿದ್ಯುತ್ ಸೇರುತ್ತಿದೆಯೋ, ಅದರಿಂದ ಸೋರಿಹೋಗುತ್ತಿದೆಯೋ ಎಂಬುದನ್ನು ಹೇಳುತ್ತದೆ. ಎಡತುದಿಯಲ್ಲಿ ಸೊನ್ನೆಯಿರುವುದು ಆಲ್ಟರ್ನೇಟರ್ ಎಷ್ಟು ಹೊರೆ ಹೊರುತ್ತಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಮೊದಲನೆಯದರಲ್ಲಿ ಮುಳ್ಳು ಸೊನ್ನೆಯ ಹತ್ತಿರವಿದ್ದರೆ ಕ್ಷೇಮ, ಎರಡನೆಯದರಲ್ಲಿ ಸೊನ್ನೆಗಿಳಿದರೆ ಅಪಾಯ! ಇನ್ನು 28 ವೋಲ್ಟ್ ವ್ಯವಸ್ಥೆಯ ವಿಮಾನಗಳಲ್ಲಿ ವೋಲ್ಟೇಜ್ ಸುಮಾರು 24.5ಕ್ಕಿಂತ ಕೆಳಗಿಳಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.

ಆಗ ಪೈಲಟ್ ಮಾಡಬೇಕಾದದ್ದು ಹೆಚ್ಚೇನಿಲ್ಲ. ರೇಡಿಯೊ ಉಪಕರಣಗಳನ್ನು ಆರಿಸಿ, ಆಲ್ಟರ್ನೇಟರಿನ ಸರ್ಕಿಟ್ ಬ್ರೇಕರ್ ಹೊರಚಿಮ್ಮಿದೆಯೇ ಎಂದು ನೋಡಿ, ಆಲ್ಟರ್ನೇಟರ್ ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಬೇಕು. ವೋಲ್ಟೇಜ್ ಸುಮಾರು 32 ದಾಟಿದಾಗ ನಿಯಂತ್ರಕವು ಆಲ್ಟರ್ನೇಟರನ್ನು ತಾನಾಗಿಯೇ ಕಡಿದುಹಾಕುವುದುಂಟು. ಕ್ಷಣಿಕ ಏರಿಕೆಯಿಂದ ಹಾಗಾಗಿದ್ದರೆ ಇಷ್ಟರಲ್ಲಿ ಸರಿಹೋಗುತ್ತದೆ. ದೀಪ ಮತ್ತೆ ಹೊತ್ತಿದರೆ ಪದೇ ಪದೇ ಪ್ರಯತ್ನಿಸುವುದು ತರವಲ್ಲ. ಸುಟ್ಟ ವಾಸನೆ ಬಂದಿದ್ದರಂತೂ ಮುಟ್ಟಲೇಬಾರದು. ಅನಗತ್ಯವಾದುದನ್ನೆಲ್ಲ ಆರಿಸಿ ಹತ್ತಿರದ ನಿಲ್ದಾಣದತ್ತ ತಿರುಗುವುದೇ ಸರಿ.

ಬ್ಯಾಟರಿ ಎಷ್ಟು ಹೊತ್ತು ಬಾಳೀತು? ಈ ವರ್ಗದ 24 ವೋಲ್ಟಿನ ಬ್ಯಾಟರಿಗಳ ಸಾಮರ್ಥ್ಯ ಸುಮಾರು 12-13 ಆಂಪಿಯರ್-ಗಂಟೆ. 25 ಆಂಪಿಯರ್ ಹೊರೆಯಿದ್ದರೆ ಕಾಗದದ ಲೆಕ್ಕದಲ್ಲಿ ಅರ್ಧ ಗಂಟೆ. ಅದೂ ಹೊಸ ಬ್ಯಾಟರಿಗೆ, ತುಂಬಿದ್ದಾಗ, ಮತ್ತು ಆಲ್ಟರ್ನೇಟರ್ ನಿಂತ ಗಳಿಗೆಯಲ್ಲೇ ಪೈಲಟ್ ಅದನ್ನು ಗಮನಿಸಿದ್ದರೆ. ಹತ್ತು ನಿಮಿಷ ತಡವಾಗಿ ನೋಡಿದವನಿಗೆ ಉಳಿದಿರುವುದು ಇಪ್ಪತ್ತೇ.

<b>ಆಲ್ಟರ್ನೇಟರ್ ಮೇಲೆಯೇ ಆರೋಪ</b>

ನೆಲಕ್ಕಿಳಿದ ಮೇಲೆ ಇನ್ನೊಂದು ಅಧ್ಯಾಯ ತೆರೆದುಕೊಳ್ಳುತ್ತದೆ. ಚಾರ್ಜ್ ಆಗುತ್ತಿಲ್ಲ ಎಂದೊಡನೆ ಆಲ್ಟರ್ನೇಟರ್ ಬದಲಿಸುವುದು, ಸರಿಹೋಗದಿದ್ದರೆ ರೆಗ್ಯುಲೇಟರ್ ಬದಲಿಸುವುದು, ಆಮೇಲೆ ಬ್ಯಾಟರಿ. ಮೂರಕ್ಕೂ ಹಣ ತೆತ್ತು, ಕೊನೆಗೆ ದೋಷವಿದ್ದದ್ದು ಒಂದು ತುಕ್ಕು ಹಿಡಿದ ಸಂಪರ್ಕದಲ್ಲಿ ಎಂದು ತಿಳಿಯುವುದು ಹೊಸ ಕಥೆಯೇನಲ್ಲ. ಅಳೆಯುವ ಮುನ್ನ ಬಿಚ್ಚುವುದು ದುಬಾರಿ ಅಭ್ಯಾಸ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಬೇಕು. ಬೆಲ್ಟ್ ಸಡಿಲವಾಗಿದ್ದರೆ ಅದು ಜಾರುತ್ತದೆ, ಎಂಜಿನ್ನಿನ ಅಬ್ಬರದಲ್ಲಿ ಅದರ ಕಿರುಚು ಕೇಳಿಸದು. ಸುತ್ತ ಬಿದ್ದ ಕಪ್ಪು ರಬ್ಬರ್ ಪುಡಿ ಮಾತ್ರ ಸಾಕ್ಷಿ ಹೇಳುತ್ತದೆ. ಸೆಸ್ನಾ 172ರ ಲೈಕಮಿಂಗ್ ಎಂಜಿನ್ನಿನಲ್ಲಿ ಬೆಲ್ಟ್ ಬದಲಿಸಲು ಪ್ರೊಪೆಲ್ಲರನ್ನೇ ಬಿಚ್ಚಬೇಕು. ಆದ್ದರಿಂದ ಅದನ್ನು ಮುಂದೂಡುವ ಆಸೆ ಯಾರಿಗಾದರೂ ಬಂದೀತು.

ನಂತರ ಮಲ್ಟಿಮೀಟರ್. ಎಂಜಿನ್ ಆರಿಸಿದ್ದಾಗ ತುಂಬಿದ ಬ್ಯಾಟರಿ ಸುಮಾರು 25.5 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 28ರಿಂದ 28.5 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಆರೋಗ್ಯವಾಗಿದೆ. ಅಷ್ಟು ಬಾರದಿದ್ದಾಗ ಕೇಳಬೇಕಾದ ಪ್ರಶ್ನೆ: ಆಲ್ಟರ್ನೇಟರಿಗೆ 'ಫೀಲ್ಡ್' ವಿದ್ಯುತ್ ತಲುಪುತ್ತಿದೆಯೇ? ಆಲ್ಟರ್ನೇಟರ್ ತನ್ನಷ್ಟಕ್ಕೆ ಹುಟ್ಟುಹಾಕಲಾರದು. ಅದರ ಸುರುಳಿಗೆ ಬ್ಯಾಟರಿಯಿಂದ ಒಂದಿಷ್ಟು ವಿದ್ಯುತ್ ಹರಿದರೆ ಮಾತ್ರ ಕಾಂತಕ್ಷೇತ್ರ ಮೂಡುತ್ತದೆ. ಮಜ್ಜಿಗೆಯ ಹನಿಯಿಲ್ಲದೆ ಹಾಲು ಹೆಪ್ಪುಗಟ್ಟದ ಹಾಗೆ. ಬ್ಯಾಟರಿ ಪೂರ್ತಿ ಸತ್ತ ವಿಮಾನವನ್ನು ಪ್ರೊಪೆಲ್ಲರ್ ಕೈಯಿಂದ ತಿರುಗಿಸಿ ಚಾಲೂ ಮಾಡಿದರೂ ಚಾರ್ಜ್ ಆಗದಿರುವುದು ಇದರಿಂದಲೇ. ಹಾಗೆ ತಿರುಗಿಸುವುದು ಜೀವಕ್ಕೆ ಎರವಾಗುವ ಕೆಲಸ ಎಂಬುದು ಬೇರೆ ಮಾತು.

ಎಂಜಿನ್ ನಿಲ್ಲಿಸಿ, ಮಾಸ್ಟರ್ ಸ್ವಿಚ್ ಹಾಕಿ ಫೀಲ್ಡ್ ತುದಿಯಲ್ಲಿ ಅಳೆದಾಗ ಬ್ಯಾಟರಿಗೆ ಹತ್ತಿರದ ವೋಲ್ಟೇಜ್ ಸಿಕ್ಕರೆ ದೋಷ ಆಲ್ಟರ್ನೇಟರಿನೊಳಗೆ, ಬಹುಶಃ ಸವೆದ ಬ್ರಷ್‌ಗಳಲ್ಲಿ. ಏನೂ ಸಿಗದಿದ್ದರೆ ಆಲ್ಟರ್ನೇಟರ್ ನಿರ್ದೋಷಿ ಇರಬಹುದು. ತಂತಿ, ಬ್ರೇಕರ್, ಸ್ವಿಚ್, ರೆಗ್ಯುಲೇಟರುಗಳನ್ನು ಒಂದೊಂದಾಗಿ ಹಿಂದಕ್ಕೆ ಹುಡುಕುತ್ತ ಹೋಗಬೇಕು. ರೇಡಿಯೊದಲ್ಲಿ ಎಂಜಿನ್ ವೇಗದೊಂದಿಗೆ ಏರಿಳಿಯುವ ಗುಂಯ್ ಸದ್ದು ಕೇಳಿಸಿದರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರುವ ಶಂಕೆ ಪಡಬಹುದು.

<b>ಅರ್ಧ ಓಮ್‌ನ ಆಟ</b>

ಅತ್ಯಂತ ದಾರಿ ತಪ್ಪಿಸುವ ದೋಷವೆಂದರೆ ಸದಾ ನಡುಗುವ ಮುಳ್ಳು. ಅನೇಕ ವಿಮಾನಗಳಲ್ಲಿ ರೆಗ್ಯುಲೇಟರ್ ವೋಲ್ಟೇಜನ್ನು ಗ್ರಹಿಸುವುದೂ, ಫೀಲ್ಡಿಗೆ ವಿದ್ಯುತ್ ಪಡೆಯುವುದೂ ಒಂದೇ ತಂತಿಯಿಂದ. ಆ ತಂತಿ ಹಳೆಯ ಬ್ರೇಕರ್ ಮತ್ತು ಮಾಸ್ಟರ್ ಸ್ವಿಚ್ಚಿನ ಮೂಲಕ ಹಾದುಬರುತ್ತದೆ. ಸವೆದ ಸ್ವಿಚ್ಚಿನಲ್ಲಿ ಕೇವಲ ಅರ್ಧ ಓಮ್ ಪ್ರತಿರೋಧ ಸೇರಿಕೊಂಡರೂ, 2 ಆಂಪಿಯರ್ ಹರಿಯುವಾಗ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ರೆಗ್ಯುಲೇಟರ್ ವಿಮಾನದಲ್ಲಿ ವೋಲ್ಟೇಜ್ ಕಡಿಮೆಯಿದೆಯೆಂದು ಭಾವಿಸಿ ಫೀಲ್ಡ್ ಹೆಚ್ಚಿಸುತ್ತದೆ; ಏರಿದ್ದು ಕಂಡೊಡನೆ ಇಳಿಸುತ್ತದೆ. ಅತ್ತ ಬ್ಯಾಟರಿಗೆ ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜ್ ಸೇರಿ ಅದು ಬೇಗ ಹಾಳಾಗುತ್ತದೆ. ಇಲ್ಲಿ ರೆಗ್ಯುಲೇಟರ್ ಮಾಡಿದ ತಪ್ಪೇನೂ ಇಲ್ಲ, ಸುಳ್ಳು ಸುದ್ದಿಯನ್ನು ನಂಬಿತಷ್ಟೆ. ಮೀಟರಿನ ಒಂದು ತುದಿಯನ್ನು ಮುಖ್ಯ ಬಸ್‌ಗೂ ಇನ್ನೊಂದನ್ನು ರೆಗ್ಯುಲೇಟರಿಗೂ ಹಿಡಿದರೆ ನಡುವಿನ ನಷ್ಟ ನೇರವಾಗಿ ಕಾಣುತ್ತದೆ.

ಬ್ಯಾಟರಿಯ ವಿಷಯದಲ್ಲಿಯೂ ವೋಲ್ಟೇಜ್ ಒಂದನ್ನೇ ನಂಬುವಂತಿಲ್ಲ. ನಿಗದಿತ ಹೊರೆ ಹೇರಿ ಎಷ್ಟು ಹೊತ್ತು ಬಾಳುತ್ತದೆಂದು ಪರೀಕ್ಷಿಸಿ, ಸಾಮರ್ಥ್ಯ ಮೂಲದ ಶೇ 80-85ಕ್ಕಿಂತ ಇಳಿದಿದ್ದರೆ ಬದಲಿಸುವುದು ರೂಢಿ. ಹೊರಗಿನ ವಿದ್ಯುತ್ತಿನಿಂದ ಚಾಲೂ ಮಾಡಿಸಿಕೊಂಡು ಸೀದಾ ಹಾರಿಬಿಡುವ ಪೈಲಟ್, ತನ್ನ ಅರ್ಧ ಗಂಟೆಯ ಭದ್ರತೆಯನ್ನು ನೆಲದ ಮೇಲೆಯೇ ಬಿಟ್ಟು ಹೋಗಿರುತ್ತಾನೆ.

ಭಾರತದಲ್ಲಿ ಇಂಥ ದುರಸ್ತಿಗೆ ಡಿಜಿಸಿಎ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಸಹಿ ಬೇಕು. ಸಹಿಗೆ ಮುನ್ನ ಎಂಜಿನ್ ಓಡಿಸಿ, ಇಳಿಯುವ ದೀಪ, ಪಿಟೊ ಕೊಳವೆಯ ಹೀಟರ್, ರೇಡಿಯೊಗಳನ್ನೆಲ್ಲ ಒಟ್ಟಿಗೆ ಹಾಕಿ, ವೋಲ್ಟೇಜ್ 28ರ ಆಸುಪಾಸಿನಲ್ಲೇ ನಿಲ್ಲುತ್ತದೆಯೇ ಎಂದು ನೋಡಲಾಗುತ್ತದೆ.